ಕೊಟ್ಟಿಗೆಯ ಉಣ್ಣೆ ಮತ್ತು ಹಸುವಿನ ಪ್ರಾಣ

ಪಂಚತಂತ್ರದಲ್ಲಿ ಬರುವ ಮೂರು ಮೀನುಗಳ ಕಥೆಯನ್ನು ವಾಚಕರಲ್ಲಿ ಅನೇಕರು ಬಾಲ್ಯದಲ್ಲಿಯೇ ಕೇಳಿರಬಹುದು. ಬರಲಿರುವ ಕೇಡನ್ನು ಮೊದಲೇ ಊಹಿಸಿ ಕೊಳವನ್ನು ಬಿಟ್ಟುಹೋದುದು ಅನಾಗತವಿಧಾತ. ಕೇಡು ಬಂದೊದಗಿದಾಗ ಉಪಾಯವನ್ನು ಹೂಡಿ ಬದುಕಿಕೊಂಡುದು ಪ್ರತ್ಯುತ್ಪನ್ನಮತಿ. ಆಗುವುದು ಆಗಲಿ ಎಂದು ಸುಮ್ಮನಿದ್ದು ಬಲೆಗೆ ಬಿದ್ದುದು ಯದ್ಭವಿಷ್ಯ. ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠಶಾಲೆಯ ಮಕ್ಕಳಿಗೆ ಈ ಕಥೆಯನ್ನು ಹೇಳಿದ ನಾನು, ನನ್ನ ಮನೆಯ ಕೊಟ್ಟಿಗೆಯ ವಿಷಯದಲ್ಲಿ ಮೂರನೆಯ ಮೀನಿನಂತೆಯೇ ನಡೆದುಕೊಂಡೆನೆಂಬುದನ್ನು ಮೊದಲೇ ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇನೆ.

ನಮ್ಮದು ತರೀಕೆರೆಯ ಸೀಮೆ. ಪಶ್ಚಿಮಕ್ಕೆ ಮುಖಮಾಡಿ ನಿಂತರೆ ಕೆಮ್ಮಣ್ಣುಗುಂಡಿಯ ಬೆಟ್ಟಗಳೂ ಲಕ್ಕವಳ್ಳಿಯ ಭದ್ರಾ ಜಲಾಶಯದ ಸುತ್ತಣ ಕಾಡುಗಳೂ. ಪೂರ್ವಕ್ಕೆ ತಿರುಗಿದರೆ ಅಜ್ಜಂಪುರದ ಬಯಲೂ ಹುಲ್ಲುಗಾವಲುಗಳೂ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಈ ಸಂಧಿಸ್ಥಾನದಲ್ಲಿ ಅಡಿಕೆ ತೆಂಗುಗಳಷ್ಟೇ ದನಕರುಗಳೂ ಮನೆತನಕ್ಕೆ ಆಧಾರ. ನಾನು ವೃತ್ತಿಯಿಂದ ನಿವೃತ್ತನಾದ ಮೇಲೆ ಮನೆಗೊಂದು ಒಳ್ಳೆಯ ಹಾಲಿನ ಹಸುವಿರಲೆಂದು ಹೋಲ್‌ಸ್ಟೈನ್ ಮಿಶ್ರತಳಿಯದೊಂದನ್ನು ಕೊಂಡೆನು. ಗೌರಿಯೆಂದು ಹೆಸರಿಟ್ಟೆವು. ಎರಡು ಹೊತ್ತಿಗೆ ಹನ್ನೆರಡು ಲೀಟರು ಹಾಲು ಕೊಡುತ್ತಿದ್ದಿತು. ಮನೆಯ ಬಳಕೆಗೆ ಆಗಿ ಉಳಿದುದು ಹಾಲಿನ ಸಂಘಕ್ಕೆ ಹೋಗುತ್ತಿದ್ದಿತು. ಆ ಹಣದ ಲೆಕ್ಕವನ್ನು ನನ್ನ ಪತ್ನಿಯೇ ಇಟ್ಟುಕೊಂಡು, ಮೊಮ್ಮಗಳ ಹೆಸರಿನಲ್ಲಿ ಕೂಡಿಡುತ್ತಿದ್ದಳು. ಅದೇ ಕೊಟ್ಟಿಗೆಯಲ್ಲಿ ತಂದೆಯವರ ಕಾಲದ ದನಗಳ ಸಂತತಿಯ ಕಪಿಲೆಯೆಂಬ ನಾಟಿ ಹಸುವೂ ಇದ್ದಿತು. ಹೊತ್ತಿಗೆ ಒಂದು ಲೀಟರು ಕೊಟ್ಟರೆ ಅದೇ ಹೆಚ್ಚು.

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಒಂದು ಸಾಯಂಕಾಲ ಗೌರಿಯು ಹಿಂಡಿಯನ್ನು ಮುಟ್ಟಲಿಲ್ಲ. ಮಾರನೆಯ ದಿನ ಹಾಲು ಅರ್ಧಕ್ಕಿಳಿಯಿತು. ಪತ್ನಿಯು ಮೈ ತಿಕ್ಕುತ್ತಿದ್ದವಳು ನನ್ನನ್ನು ಕೂಗಿ, “ನೋಡಿ, ಮುಂಗಾಲಿನ ಮೇಲುಗಡೆ ಹೆಗಲ ಮುಂದೆ ಗಡ್ಡೆಯಂತೆ ಎದ್ದಿದೆ. ಮೈ ಕೆಂಡದಂತಿದೆ. ಕಿವಿಯೊಳಗೆಲ್ಲಾ ಉಣ್ಣೆ. ಡಾಕ್ಟರನ್ನು ಕರೆಸಬಾರದೆ?” ಎಂದಳು. “ಮಳೆಗಾಲದ ಉಣ್ಣೆ ಯಾವ ದನಕ್ಕಿಲ್ಲ? ಕಪಿಲೆಗೂ ಇವೆ. ಎರಡು ದಿನ ನೋಡೋಣ” ಎಂದೆ. ನೆರೆಯ ತೋಟದ ಗೌಡರು ಬಂದು, “ಮೇಷ್ಟ್ರೇ, ಗಡ್ಡೆಯ ಮೇಲೆ ಒಂದು ಬರೆ ಎಳೆದುಬಿಡಿ, ಇಳಿದುಹೋಗುತ್ತದೆ” ಎಂದರು. ಬರೆ ಎಳೆಸಲು ಮನಸ್ಸು ಬರಲಿಲ್ಲ. ವೈದ್ಯರನ್ನು ಕರೆಸಲು ಅವಸರವೂ ತೋರಲಿಲ್ಲ. ನಾಲ್ಕನೆಯ ದಿನ ಗೌರಿಯು ಏಳಲಾರದೆ ಮಲಗಿದಾಗ ಪಶುವೈದ್ಯರು ಬಂದರು. ಕಣ್ಣಿನ ಒಳರೆಪ್ಪೆಯನ್ನು ಬಿಡಿಸಿ ತೋರಿಸಿದರು. ಅದು ರಕ್ತಹೀನವಾಗಿ ಬಿಳಿಚಿಕೊಂಡು, ಹಳದಿಗೆ ತಿರುಗಿ, ಅಲ್ಲಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿಂದ ಕೂಡಿದ್ದಿತು. ಗಾಜಿನ ತುಂಡಿನ ಮೇಲೆ ಒಂದು ತೊಟ್ಟು ರಕ್ತವನ್ನು ಹಿಡಿದುಕೊಂಡು, ಒಂದು ಇಂಜೆಕ್ಷನ್ ಕೊಟ್ಟು ಹೋದರು. ಆರನೆಯ ದಿನ ಬೆಳಗಿನ ಜಾವ ಗೌರಿಯು ತೀರಿಕೊಂಡಿತು. “ಎರಡು ದಿನ ಮೊದಲು ಕರೆದಿದ್ದರೆ, ಮೇಷ್ಟ್ರೇ...” ಎಂದು ವೈದ್ಯರು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಪತ್ನಿಯು ಏನನ್ನೂ ಹೇಳಲಿಲ್ಲ. ಅದೇ ಉಣ್ಣೆಗಳನ್ನು ಮೈಮೇಲೆ ಹೊತ್ತ ಕಪಿಲೆಯು ಪಕ್ಕದಲ್ಲಿ ನಿಂತು ಹುಲ್ಲು ಮೇಯುತ್ತಿದ್ದಿತು.

ಒಂದೇ ಕೊಟ್ಟಿಗೆ, ಒಂದೇ ಉಣ್ಣೆ; ಒಂದು ಹಸು ಸತ್ತಿತು, ಇನ್ನೊಂದಕ್ಕೆ ನೆಗಡಿಯೂ ಆಗಲಿಲ್ಲ. ಇದೇಕೆ ಎಂಬ ಪ್ರಶ್ನೆಯು ನನ್ನನ್ನು ಬಹುದಿನ ಬಾಧಿಸಿತು. ವೈದ್ಯರನ್ನು ವಿಚಾರಿಸಿಯೂ ಗ್ರಂಥಗಳನ್ನು ಓದಿಯೂ ತಿಳಿದುಕೊಂಡುದನ್ನು, ಮನೆಯಲ್ಲಿ ಹಸುವಿರುವ ಸೋದರ ಸೋದರಿಯರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇನೆ.

ಈ ರೋಗಕ್ಕೆ ವೈದ್ಯರು ಥೈಲೇರಿಯಾ ರೋಗವೆಂದು ಹೇಳುವರು. ದಕ್ಷಿಣ ಆಫ್ರಿಕದಲ್ಲಿ ಪಶುರೋಗಗಳ ಸಂಶೋಧನೆ ನಡೆಸಿದ ಆರ್ನಾಲ್ಡ್ ಥೈಲರ್ ಎಂಬ ವಿದ್ವಾಂಸನ ಹೆಸರಿನಿಂದ ಬಂದ ಪದವಿದು. ನಮ್ಮ ದೇಶದ ದನಗಳನ್ನು ಕಾಡುವ ಜಾತಿಯನ್ನು 1904ರಲ್ಲಿ ಕಾಕಸಸ್ ಪರ್ವತಗಳ ಆಚೆಯ ಪ್ರಾಂತದಲ್ಲಿ ಮೊದಲು ಗುರುತಿಸಿದರು. ಅದಕ್ಕೆ ಥೈಲೇರಿಯಾ ಅನ್ಯುಲೇಟಾ ಎಂದು ಹೆಸರು. ಕಣ್ಣಿಗೆ ಕಾಣದ ಈ ಜೀವಿಯನ್ನು ದನದಿಂದ ದನಕ್ಕೆ ಒಯ್ಯುವುದು ಹಯಲೊಮ್ಮಾ ಎಂಬ ಜಾತಿಯ ಉಣ್ಣೆ. ಮರಿ ಉಣ್ಣೆಯು ಸೋಂಕಿರುವ ದನದ ರಕ್ತವನ್ನು ಹೀರುವಾಗ ರೋಗಬೀಜವೂ ಅದರ ಹೊಟ್ಟೆಗೆ ಸೇರುವುದು. ಹೊಟ್ಟೆ ತುಂಬಿದ ಉಣ್ಣೆಯು ದನದ ಮೈಯಿಂದ ಉದುರಿ ಕೊಟ್ಟಿಗೆಯ ಗೋಡೆಯ ಬಿರುಕನ್ನೋ ಗೊಂತಿನ ಸಂದನ್ನೋ ಸೇರಿ, ಅಲ್ಲಿ ಪೊರೆ ಕಳಚಿ ಬೆಳೆದು, ಮತ್ತೆ ಹಸಿವಾದಾಗ ಬೇರೊಂದು ದನವನ್ನು ಹತ್ತುವುದು. ಆಗ ಅದರ ಎಂಜಲಿನ ಮೂಲಕ ರೋಗಬೀಜವು ಆ ದನದ ಮೈಯನ್ನು ಹೊಗುವುದು.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವುಂಟು. ಉಣ್ಣೆಯು ಕಚ್ಚಿದ ಕೂಡಲೇ ರೋಗವು ಹರಡುವುದಿಲ್ಲ. ಅದು ಎರಡು ಮೂರು ದಿನ ರಕ್ತವನ್ನು ಹೀರುತ್ತಿದ್ದ ಮೇಲೆಯೇ ಅದರ ಲಾಲಾಗ್ರಂಥಿಯಲ್ಲಿರುವ ಬೀಜಗಳು ಪಕ್ವವಾಗಿ ಹೊರಡುವುವು. ಆದುದರಿಂದ ಪ್ರತಿದಿನವೂ ಹಸುವಿನ ಮೈಯನ್ನು ತಡವಿ ಉಣ್ಣೆಗಳನ್ನು ಕೀಳುವ ಗೃಹಿಣಿಯು ತಿಳಿಯದೆಯೇ ಅರ್ಧ ವೈದ್ಯವನ್ನು ಮಾಡುತ್ತಿರುವಳು. ವಾರಕ್ಕೊಮ್ಮೆ ಕೀಳುವುದರಿಂದ ಆ ಫಲವಿಲ್ಲ.

ಮೈಯನ್ನು ಹೊಕ್ಕ ಬೀಜವು ರಕ್ಷಣೆಗೆಂದೇ ಇರುವ ಬಿಳಿಯ ರಕ್ತಕಣಗಳೊಳಗೆ ನೆಲೆಸುವುದು. ಕಾವಲುಗಾರನ ಮನೆಯಲ್ಲಿಯೇ ಕಳ್ಳನು ಬಿಡಾರ ಮಾಡಿದಂತೆ! ಅಷ್ಟೇ ಅಲ್ಲ, ಆ ಕಣವು ತಡೆಯಿಲ್ಲದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತ ಹೋಗುವಂತೆ ಮಾಡಿ, ತಾನೂ ಅದರೊಡನೆ ಪಾಲಾಗಿ ಬೆಳೆಯುವುದು. ಹೆಗಲ ಮುಂದಿನ ಗಡ್ಡೆಯೆಂಬುದು ಹೀಗೆ ಊದಿಕೊಂಡ ದುಗ್ಧರಸ ಗ್ರಂಥಿಯೇ ಹೊರತು ಬರೆ ಎಳೆಯಬೇಕಾದ ವ್ರಣವಲ್ಲ. ಮುಂದೆ ಅದು ಕೆಂಪುಕಣಗಳನ್ನೂ ಹೊಕ್ಕು ನಾಶಮಾಡುವುದು. 104 ಡಿಗ್ರಿಗೂ ಮೀರಿದ ಜ್ವರ, ಗ್ರಂಥಿಗಳ ಊತ, ಮೇವು ಬಿಡುವುದು, ಹಾಲು ಇಳಿಯುವುದು, ಏದುಸಿರು, ಕಣ್ಣು ಬಿಳಿಚುವುದು, ಇವೇ ಕ್ರಮವಾಗಿ ಕಾಣುವ ಲಕ್ಷಣಗಳು. ಬುಪಾರ್ವಕೋನ್ ಎಂಬ ಒಳ್ಳೆಯ ಔಷಧವು 1980ರ ದಶಕದಿಂದೀಚೆಗೆ ದೊರೆತಿದೆ. ಮೊದಲ ಒಂದೆರಡು ದಿನಗಳಲ್ಲಿ ಕೊಟ್ಟರೆ ಹೆಚ್ಚಿನ ಹಸುಗಳು ಬದುಕುವುವು. ರಕ್ತವೇ ಬತ್ತಿದ ಮೇಲೆ ಕೊಟ್ಟರೆ, ಗೌರಿಗೆ ಆದಂತೆ, ಔಷಧಕ್ಕೆ ಕೆಲಸಮಾಡಲು ಕಾಲವಿರುವುದಿಲ್ಲ.

ಮಲೆನಾಡಿನವರಿಗೆ ಉಣ್ಣೆಯೆಂದರೆ ಮಂಗನ ಕಾಯಿಲೆಯ ನೆನಪು ಬರುವುದು ಸಹಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಆ ರೋಗವು ಬೇರೊಂದು ಜಾತಿಯ ಕಾಡಿನ ಉಣ್ಣೆಯಿಂದ ಮನುಷ್ಯರಿಗೆ ಬರುವ ವೈರಸ್ಸಿನ ಬಾಧೆ. ನಾನು ಹೇಳುತ್ತಿರುವುದು ದನಗಳದು. ಇದು ಮನುಷ್ಯರಿಗೆ ಅಂಟುವುದಿಲ್ಲ. ಉಣ್ಣೆಗಳಿಂದ ದನಗಳಿಗೆ ಬರುವ ರಕ್ತರೋಗಗಳು ಇನ್ನೂ ಇವೆ. ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುವ ಬಬೇಸಿಯಾ ರೋಗ ಒಂದು. ರಕ್ತವನ್ನು ನೀರು ಮಾಡುವ ಅನಾಪ್ಲಾಸ್ಮಾ ರೋಗ ಇನ್ನೊಂದು. ಉಣ್ಣೆಯೇ ಇಂತಹ ರೋಗದ ವಾಹಕವೆಂಬುದನ್ನು 1893ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬಿಬ್ಬರು ದನಗಳಲ್ಲಿಯೇ ಪ್ರಯೋಗಮಾಡಿ ಸಿದ್ಧಪಡಿಸಿದರು. ಸೊಳ್ಳೆಯ ದೇಹದಲ್ಲಿ ಮಲೇರಿಯದ ಬೀಜವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುದು ಅದಾದ ನಾಲ್ಕು ವರ್ಷಗಳ ಮೇಲೆ, 1897ರಲ್ಲಿ. ಹೀಗೆ ಕೀಟಾದಿಗಳಿಂದ ರೋಗ ಹರಡುವ ರಹಸ್ಯವನ್ನು ಮನುಷ್ಯನು ಅರಿತುದರಲ್ಲಿ ದನಗಳ ಪಾಲು ದೊಡ್ಡದು.

ಈಗ ಕಪಿಲೆಯ ವಿಷಯಕ್ಕೆ ಬರೋಣ. ಕಪಿಲೆಗೆ ಸೋಂಕೇ ಇರಲಿಲ್ಲವೆಂದು ತಿಳಿಯಬಾರದು. ನಮ್ಮ ದೇಶದ ಗೋವುಗಳು ಸಾವಿರಾರು ವರ್ಷಗಳಿಂದ ಈ ಉಣ್ಣೆಗಳೊಡನೆ, ಈ ರೋಗಬೀಜಗಳೊಡನೆ ಬಾಳಿಕೊಂಡು ಬಂದಿವೆ. ತಾಳಲಾರದವು ಅಳಿದು, ತಾಳಿದವುಗಳ ಸಂತತಿಯೇ ಉಳಿದಿದೆ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ನಮ್ಮ ಸಾಹಿವಾಲ್ ತಳಿಯ ಕರುಗಳಿಗೂ ಹೋಲ್‌ಸ್ಟೈನ್ ಕರುಗಳಿಗೂ ಸಮನಾಗಿ ಸೋಂಕು ಹಚ್ಚಿ ನೋಡಿದರು. ಎರಡಕ್ಕೂ ಸೋಂಕು ತಗುಲಿತು. ಆದರೆ ಸಾಹಿವಾಲ್ ಕರುಗಳು ಚಿಕಿತ್ಸೆಯಿಲ್ಲದೆ ಚೇತರಿಸಿಕೊಂಡುವು, ಹೋಲ್‌ಸ್ಟೈನ್ ಕರುಗಳು ತೀವ್ರವಾಗಿ ನರಳಿದುವು. ನಮ್ಮ ಸೀಮೆಯವರಿಗೆ ದೇಶೀಯ ಗೋವಿನ ತಾಳ್ಮೆಯನ್ನು ಹೇಳಿಕೊಡಬೇಕಾದುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಲ್ಲಿ ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ದನಗಳು ಕಾವಲುಗಳಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಬೆಳೆದು, ಸೈನ್ಯದ ತೋಪುಗಳನ್ನೆಳೆದವು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿಯೇ ಇದೆ.

ಆದರೆ ಅಮೃತಮಹಲ್ ತಳಿಯು ಹಾಲಿಗಾಗಿ ಬೆಳೆಸಿದುದಲ್ಲ. ಸಂಸಾರಕ್ಕೆ ಹಾಲಿನ ಹಣವು ಬೇಕಾಗಿ ನಾವು ಶೀತದೇಶದ ರಕ್ತವನ್ನು ನಮ್ಮ ಹಸುಗಳಲ್ಲಿ ಬೆರೆಸಿದೆವು. ಅದರಿಂದ ಹಾಲು ಬಂದಿತು. ತಲೆತಲಾಂತರದ ಸಹನಶಕ್ತಿಯು ಆ ಮಟ್ಟಿಗೆ ಕುಂದಿತು. ಇನ್ನೊಂದು ಮಾತನ್ನು ಕೇಳಿ ನಾನು ಬೆರಗಾದೆ. ಸೋಂಕಿನಿಂದ ಚೇತರಿಸಿಕೊಂಡ ದನವು ನೋಡಲು ದೃಢವಾಗಿದ್ದರೂ ಅದರ ರಕ್ತದಲ್ಲಿ ಬೀಜವು ಸ್ವಲ್ಪ ಸ್ವಲ್ಪವಾಗಿ ಉಳಿದುಕೊಂಡೇ ಇರುವುದು. ಗೌರಿಯನ್ನು ಕೊಂದ ಬೀಜವು ಬಹುಶಃ ಕಪಿಲೆಯಿಂದಲೇ ಉಣ್ಣೆಯ ಮೂಲಕ ಬಂದಿರಬಹುದೆಂದು ವೈದ್ಯರು ಹೇಳಿದರು. ಪಾಪ, ಅದು ಕಪಿಲೆಯ ದೋಷವಲ್ಲ. ಪರದೇಶದ ಹಸುವನ್ನು ತಂದು ಕಟ್ಟಿ, ಅದಕ್ಕೆ ಬೇಕಾದ ಕವಚವನ್ನು ತೊಡಿಸದಿದ್ದುದು ನನ್ನ ದೋಷ.

ಆ ಕವಚವೇ ಲಸಿಕೆ. ರೋಗವು ಒಮ್ಮೆ ಬಂದು ವಾಸಿಯಾದರೆ ದೇಹವು ಶತ್ರುವಿನ ಗುರುತನ್ನು ಹಿಡಿದಿಟ್ಟುಕೊಳ್ಳುವುದು. ಪ್ರಾಣಕ್ಕೆ ಅಪಾಯವಿಲ್ಲದಷ್ಟು ಸೌಮ್ಯವಾದ ರೂಪದಲ್ಲಿ ರೋಗಬೀಜವನ್ನು ನಾವೇ ಕೊಟ್ಟರೆ ಅದೇ ಗುರುತು ಕಷ್ಟವಿಲ್ಲದೆ ದೊರೆಯುವುದು. ಇದೇ ಲಸಿಕೆಯ ತತ್ತ್ವ. 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು ಹಸುವಿನ ಸಿಡುಬಿನ ಕೀವನ್ನು ಬಾಲಕನೊಬ್ಬನಿಗೆ ಹಾಕಿ ಮನುಷ್ಯರ ಸಿಡುಬನ್ನು ತಡೆದನು. ಲಸಿಕೆಗೆ ಪಾಶ್ಚಾತ್ಯರು ಹೇಳುವ ‘ವ್ಯಾಕ್ಸಿನ್’ ಎಂಬ ಪದವೇ ಹಸುವೆಂಬ ಅರ್ಥವುಳ್ಳ ‘ವಕ್ಕಾ’ ಎಂಬ ಲ್ಯಾಟಿನ್ ಶಬ್ದದಿಂದ ಬಂದುದು. ಗೋವಿನಿಂದ ಈ ರಕ್ಷೆಯನ್ನು ಪಡೆದ ಮನುಷ್ಯನು ಗೋವಿಗೆ ಅದನ್ನು ಹಿಂದಿರುಗಿಸಬೇಕಾದುದು ಋಣವೇ ಸರಿ.

ಥೈಲೇರಿಯಾ ರೋಗಕ್ಕೆ ಇದನ್ನು ಸಾಧಿಸಲು ಬಹಳ ಶ್ರಮವಾಯಿತು. ಉತ್ತರ ಆಫ್ರಿಕದ ಅಲ್ಜೀರ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಎಡ್ಮಂಡ್ ಸೆರ್ಜಾಂ ಮತ್ತು ಅವರ ಸಂಗಡಿಗರು 1920ರ ದಶಕದಿಂದ ಮೊದಲ್ಗೊಂಡು, ಸೌಮ್ಯವಾದ ಸೋಂಕುಳ್ಳ ದನದ ರಕ್ತವನ್ನೇ ಇತರ ದನಗಳಿಗೆ ಚುಚ್ಚಿ ರಕ್ಷಣೆಯನ್ನು ಕೊಡಲು ಯತ್ನಿಸಿದರು. ಇದರಿಂದ ಗುಣವಾಯಿತಾದರೂ, ರಕ್ತದೊಡನೆ ಬೇರೆ ರೋಗಗಳೂ ಸಾಗಿಹೋಗುವ ಭಯವಿದ್ದಿತು. 1945ರಲ್ಲಿ ಪ್ಯಾಲೆಸ್ಟೈನಿನ ವಿಜ್ಞಾನಿಯೊಬ್ಬರು ಸೋಂಕುಳ್ಳ ಬಿಳಿಯ ರಕ್ತಕಣಗಳನ್ನು ದನದ ದೇಹದ ಹೊರಗೆ, ಗಾಜಿನ ಪಾತ್ರೆಯಲ್ಲಿ ಬೆಳೆಸಿ ತೋರಿಸಿದರು. ತಡೆಯಿಲ್ಲದೆ ಹೆಚ್ಚುವ ಆ ಕಣಗಳ ದುರ್ಗುಣವೇ ಇಲ್ಲಿ ಉಪಕಾರಕ್ಕೆ ಬಂದಿತು! ಅವನ್ನು ಪಾತ್ರೆಯಿಂದ ಪಾತ್ರೆಗೆ ಅನೇಕಾನೇಕ ಸಲ ಸಾಗಿಸುತ್ತ ಹೋದಂತೆ, ಒಳಗಿನ ರೋಗಬೀಜವು ಜೀವವಿದ್ದೂ ಕ್ರೌರ್ಯವನ್ನು ಕಳೆದುಕೊಂಡಿತು. ಹಲ್ಲು ಕಿತ್ತ ಹಾವಿನಂತಹ ಈ ಬೀಜವೇ ಲಸಿಕೆಯಾಯಿತು. ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯ ಆಶ್ರಯದಲ್ಲಿ ಇಂತಹ ಲಸಿಕೆಯು ಸಿದ್ಧವಾಗಿ, ಅದರ ಅಂಗವಾದ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯಿಂದ ‘ರಕ್ಷಾವ್ಯಾಕ್-ಟಿ’ ಎಂಬ ಹೆಸರಿನಲ್ಲಿ ಬಳಕೆಗೆ ಬಂದಿತು.

ಹಾಗಾದರೆ ಇದು ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಲಿಲ್ಲವೇಕೆ? ಮುಖ್ಯ ಕಾರಣವು ಶೈತ್ಯ. ಇದು ಸತ್ತ ಔಷಧವಲ್ಲ, ಜೀವಂತ ಕಣ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯವುಳ್ಳ ದ್ರವ ನೈಟ್ರೋಜನ್ನಿನಲ್ಲಿ ಇಟ್ಟರೇ ಅದು ಬದುಕಿರುವುದು. ಒಮ್ಮೆ ಹೊರತೆಗೆದು ಕರಗಿಸಿದ ಮೇಲೆ ಬೇಗನೆ ಚುಚ್ಚಿಬಿಡಬೇಕು. ನಾಳೆಗೆಂದು ಮನೆಯ ಫ್ರಿಜ್ಜಿನಲ್ಲಿ ಇಡುವಂತಿಲ್ಲ. ಈ ಮಾತನ್ನು ವೈದ್ಯರಿಂದ ಕೇಳಿದಾಗ ನನಗೆ ಒಂದು ಯೋಚನೆ ಹೊಳೆಯಿತು. ಕೃತಕ ಗರ್ಭಧಾರಣೆಗೆಂದು ಬರುವವರು ಹೋರಿಯ ವೀರ್ಯವನ್ನು ಹೊಗೆಯಾಡುವ ಜಾಡಿಯೊಂದರಿಂದ ತೆಗೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಜಾಡಿಯಲ್ಲಿರುವುದೂ ಇದೇ ದ್ರವ ನೈಟ್ರೋಜನ್. ಮಿಶ್ರತಳಿಯ ಹಸುವು ಹುಟ್ಟಿಬಂದುದೇ ಆ ಜಾಡಿಯಿಂದ; ಅದನ್ನು ಕಾಯುವ ಔಷಧವೂ ಅಂತಹ ಜಾಡಿಯಲ್ಲಿಯೇ ಬರಬೇಕಾಗಿದೆ. ಒಂದನ್ನು ಹಳ್ಳಿಹಳ್ಳಿಗೆ ಮುಟ್ಟಿಸಲು ಸಾಧ್ಯವಾದವರಿಗೆ ಇನ್ನೊಂದನ್ನು ಮುಟ್ಟಿಸುವುದು ಅಸಾಧ್ಯವಾಗಲಾರದು.

ಎರಡನೆಯ ಕಾರಣವು ನಮ್ಮ ಉದಾಸೀನ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರಕ್ಕೂ ಕಂದುರೋಗಕ್ಕೂ ಸರಕಾರದವರು ಲಸಿಕೆ ಹಾಕುತ್ತ ಬಂದಿದ್ದಾರೆ. ಉಣ್ಣೆಜ್ವರದ ಲಸಿಕೆಯು ಆ ಕಾರ್ಯಕ್ರಮಕ್ಕೆ ಸೇರಿಲ್ಲ. ಅದನ್ನು ಬಯಸುವವರು ತಾವಾಗಿಯೇ ಕೇಳಬೇಕು. ಒಂದು ಮನೆಯ ಒಂದು ಹಸುವಿಗಾಗಿ ಜಾಡಿಯನ್ನು ತರಿಸುವುದು ಕಷ್ಟ. ಹತ್ತು ಮನೆಯವರು ಹಾಲಿನ ಸಂಘದ ಮೂಲಕ ಕೂಡಿ ಪಶುವೈದ್ಯರನ್ನು ಬೇಡಿಕೊಂಡರೆ ಅವರು ಪ್ರಯತ್ನಿಸಲು ದಾರಿಯಾಗುವುದು.

ಲಸಿಕೆಯ ವಿಷಯದಲ್ಲಿ ಗೃಹಸ್ಥರು ತಿಳಿದಿರಬೇಕಾದ ಸಂಗತಿಗಳಿವು. ಇದನ್ನು ಚರ್ಮದಡಿಯಲ್ಲಿ ಚುಚ್ಚುವರು. ಎರಡು ತಿಂಗಳು ತುಂಬಿದ ಮಿಶ್ರತಳಿಯ ಕರುಗಳಿಗೂ ಹಸುಗಳಿಗೂ ಹಾಕಿಸಬಹುದು. ವರ್ಷಕ್ಕೊಮ್ಮೆ ಹಾಕಿಸುವುದು ವಾಡಿಕೆ. ಗಬ್ಬದ ಹಸುವಿಗೆ ಹಾಕಬಹುದೇ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಜ್ವರವಿರುವ, ಸೊರಗಿರುವ ದನಕ್ಕೆ ಹಾಕಿಸಕೂಡದು. ಚುಚ್ಚಿದ ಮಾತ್ರಕ್ಕೆ ಮರುದಿನವೇ ರಕ್ಷಣೆಯು ಬಾರದು; ಕೆಲವು ವಾರಗಳು ಬೇಕು. ಆದುದರಿಂದ ಬೇಸಗೆ ಮುಂಗಾರುಗಳಲ್ಲಿ ಉಣ್ಣೆಗಳು ಹೆಚ್ಚುವುದಕ್ಕೆ ಮೊದಲೇ, ಚಳಿಗಾಲವು ಮುಗಿಯುವಷ್ಟರಲ್ಲಿ, ಈ ಕಾರ್ಯವು ಆಗಬೇಕು. ಪೇಟೆಯಿಂದ ಹೊಸದಾಗಿ ತಂದ ಹಸುವಿಗಂತೂ ಇದರ ಅಗತ್ಯವು ಹೆಚ್ಚು. ಹೊಸ ಕೊಟ್ಟಿಗೆಯ ಉಣ್ಣೆಗಳ ಪರಿಚಯವು ಅದಕ್ಕಿರುವುದಿಲ್ಲ.

ಇದರ ಮಿತಿಯನ್ನೂ ಮರೆಮಾಚದೆ ಹೇಳಬೇಕು. ಈ ಲಸಿಕೆಯು ಉಣ್ಣೆಯನ್ನು ಓಡಿಸುವುದಿಲ್ಲ. ಬಬೇಸಿಯಾ, ಅನಾಪ್ಲಾಸ್ಮಾ ರೋಗಗಳನ್ನು ತಡೆಯುವುದಿಲ್ಲ. ಆಸ್ಟ್ರೇಲಿಯದಲ್ಲಿ ಆ ಎರಡಕ್ಕೂ ಕರುಗಳ ರಕ್ತದಿಂದ ತಯಾರಿಸಿದ ಜೀವಂತ ಲಸಿಕೆಯನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಪೂರ್ವ ಆಫ್ರಿಕದಲ್ಲಿ ಅಲ್ಲಿಯ ಥೈಲೇರಿಯಾ ಜಾತಿಗೆ, ರೋಗಬೀಜವನ್ನೂ ಅದನ್ನು ಹದ್ದಿನಲ್ಲಿಡುವ ಔಷಧವನ್ನೂ ಒಟ್ಟಿಗೇ ಚುಚ್ಚುವ ಕ್ರಮವುಂಟು. ನಮಗೆ ಒದಗಬಹುದಾದುದು ಒಂದೇ ರೋಗದ ಕವಚ. ಆದುದರಿಂದ ಲಸಿಕೆ ಹಾಕಿಸಿದೆವೆಂದು ಕೊಟ್ಟಿಗೆಯನ್ನು ಮರೆಯಲಾಗದು.

ಕೊಟ್ಟಿಗೆಯ ಕೆಲಸದಲ್ಲಿ ಹೆಂಗಸರಿಗೆ ನಾನು ಹೇಳಿಕೊಡುವುದೇನೂ ಇಲ್ಲ; ಗೌರಿಯ ಗಡ್ಡೆಯನ್ನು ಮೊದಲು ಕಂಡವಳು ನನ್ನ ಪತ್ನಿಯೇ. ಆದರೂ ನೆನಪಿಗಾಗಿ ಬರೆಯುತ್ತೇನೆ. ದಿನಕ್ಕೊಮ್ಮೆ ಕಿವಿಯ ಒಳಗು, ಕೆಚ್ಚಲ ಸಂದು, ಬಾಲದ ಬುಡ, ಗಂಗೆದೊಗಲು ಇವುಗಳನ್ನು ತಡವಿ ನೋಡಬೇಕು. ಕಿತ್ತ ಉಣ್ಣೆಯನ್ನು ಅಲ್ಲಿಯೇ ಎಸೆಯಬಾರದು. ಹೆಣ್ಣುಣ್ಣೆಯೊಂದು ನೆಲದ ಮೇಲೆ ಸಾವಿರಾರು ಮೊಟ್ಟೆಗಳನ್ನಿಡುವುದು. ಸೀಮೆಎಣ್ಣೆಯ ಡಬ್ಬಿಯಲ್ಲಿ ಹಾಕಬೇಕು. ಗೋಡೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಬೇಕು. ಉಣ್ಣೆಯ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಮೈಗೆ ಹಚ್ಚಬೇಕು; ಹಾಲನ್ನು ಎಷ್ಟು ದಿನ ಬಳಸಬಾರದೆಂಬುದನ್ನು ಕೇಳಿ ತಿಳಿಯಬೇಕು. ಮನೆಯಲ್ಲಿ ಒಂದು ಉಷ್ಣಮಾಪಕವಿರಲಿ. ಮೇವು ಬಿಟ್ಟ ಮಿಶ್ರತಳಿಯ ಹಸುವಿಗೆ ಜ್ವರವೂ ಹೆಗಲ ಗ್ರಂಥಿಯ ಊತವೂ ಕಂಡರೆ ಅದೇ ದಿನ ವೈದ್ಯರನ್ನು ಕರೆಯಿರಿ. 1962 ಎಂಬ ಸಂಖ್ಯೆಗೆ ಫೋನು ಮಾಡಿ ಪಶುಚಿಕಿತ್ಸೆಯ ನೆರವನ್ನು ಕೇಳಬಹುದು.

ಒಗ್ಗಟ್ಟಿನಿಂದ ದನಗಳ ರೋಗವನ್ನು ಗೆಲ್ಲಬಹುದೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ದೊಡ್ಡರೋಗವೆಂಬ ಮಾರಿಯು ಒಂದು ಕಾಲದಲ್ಲಿ ಹಟ್ಟಿಹಟ್ಟಿಗಳನ್ನೇ ಬರಿದುಮಾಡುತ್ತಿದ್ದಿತು. ಅದಕ್ಕೆ ಪ್ರತಿಯಾದ ರಕ್ತಸಾರವನ್ನು ತಯಾರಿಸಲೆಂದೇ ಮೈಸೂರು ಸಂಸ್ಥಾನದವರು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಲಸಿಕೆಗಳು ಬಂದುವು. ಊರೂರಿನಲ್ಲಿ ದನಗಳನ್ನು ಸಾಲಾಗಿ ನಿಲ್ಲಿಸಿ ಚುಚ್ಚಿದರು. 2006ರಲ್ಲಿ ಭಾರತವೂ, 2011ರಲ್ಲಿ ಸಮಸ್ತ ಪ್ರಪಂಚವೂ ಆ ರೋಗದಿಂದ ಮುಕ್ತವಾದುವೆಂದು ಘೋಷಿಸಲ್ಪಟ್ಟಿತು. ಇಂದಿನ ಮಕ್ಕಳಿಗೆ ಅದರ ಹೆಸರೂ ತಿಳಿಯದು. ಉಣ್ಣೆಜ್ವರವನ್ನು ಹಾಗೆ ನಿರ್ಮೂಲಮಾಡುವುದು ಸುಲಭವಲ್ಲ, ಏಕೆಂದರೆ ಇದರ ಬೀಜವು ಉಣ್ಣೆಯಲ್ಲಿಯೂ ಆರೋಗ್ಯವಂತ ದನದಲ್ಲಿಯೂ ಅಡಗಿರುವುದು. ಆದರೆ ಸಾವನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಗೌರಿಯು ಸಾಯುವಾಗ ಅದಕ್ಕೊಂದು ಮೂರು ತಿಂಗಳ ಹೆಣ್ಣುಕರುವಿದ್ದಿತು. ಕಪಿಲೆಯ ಹಾಲನ್ನೂ ಬಾಟಲಿಯ ಹಾಲನ್ನೂ ಕುಡಿಸಿ ಪತ್ನಿಯು ಅದನ್ನು ಸಾಕಿದಳು. ಕಳೆದ ಚಳಿಗಾಲದಲ್ಲಿ ನಾನು ಹಾಲಿನ ಸಂಘದ ಸಭೆಯಲ್ಲಿ ಎದ್ದುನಿಂತು ಈ ಕಥೆಯನ್ನೆಲ್ಲ ಹೇಳಿದೆ. ಬರೆ ಎಳೆಯಲು ಹೇಳಿದ್ದ ಗೌಡರೇ ಮೊದಲು ಹೆಸರು ಕೊಟ್ಟರು, ಏಳು ಮನೆಯವರಾದೆವು. ವೈದ್ಯರು ಎರಡು ಸಲ ಪತ್ರ ಬರೆದು, ಮೂರನೆಯ ಸಲಕ್ಕೆ ಜಾಡಿಯನ್ನು ತರಿಸಿಯೇಬಿಟ್ಟರು. ಕರುವನ್ನು ಹಿಡಿದುಕೊಂಡಿದ್ದ ಪತ್ನಿಯು, ಸೂಜಿಯನ್ನು ಹೊರತೆಗೆದ ಮೇಲೆ, “ಇದನ್ನು ಹೋದ ವರ್ಷವೇ ಮಾಡಿಸಬಹುದಾಗಿತ್ತಲ್ಲವೇ?” ಎಂದು ಕೇಳಿದಳು. ವೈದ್ಯರು ನನ್ನ ಮುಖವನ್ನು ನೋಡಿದರು. “ಆಗುತ್ತಿತ್ತು” ಎಂದೆ.

ಈ ಲೇಖನವನ್ನು ಓದುತ್ತಿರುವವರ ಮನೆಯಲ್ಲಿ ಮಿಶ್ರತಳಿಯ ಹಸುವಿದ್ದರೆ, ಆ ಮಾತನ್ನು ಅವರು ಹೇಳಬೇಕಾಗಿ ಬಾರದಿರಲಿ.